ಸವಣೂರನ್ನು ಕೊನೆಗೆ ಬರೆದದ್ದು

ಮೊನ್ನೆ ಮಧ್ಯಾಹ್ನ ಊಟದ ಬಿಡುವಿನಲ್ಲಿ ನಮ್ಮ ಶಾಲೆಯ ಕಿರಿಯ ಟೀಚರೊಬ್ಬಳು ವರ್ಗಾವಣೆ ಅರ್ಜಿಯ ಹಾಳೆ ಹಿಡಿದುಕೊಂಡು ಬಂದು ನನ್ನ ಪಕ್ಕ ಕುಳಿತಳು. ನಾನು ಆಗಷ್ಟೇ ರೊಟ್ಟಿ ಮುರಿದು ಪುಂಡಿಪಲ್ಯಕ್ಕೆ ಕೈ ಹಾಕಿದ್ದೆ.

"ಅಕ್ಕೋರ, ಇಲ್ಲಿ ನಾಕು ಊರ ಹೆಸರು ಬರೀಬೇಕಂತರಿ. ಯಾವುದು ಮೊದಲ ಬರೀಲಿ, ಯಾವುದು ಕಡೀಕ ಬರೀಲಿ?"

"ನಿನ್ನ ಮನಸ್ಸಿಗೆ ಬಂದದ್ದು ಬರಿ" ಎಂದೆ. ಒಂದು ತುತ್ತು ನುಂಗಿದ ಮೇಲೆ ನನಗೇ ಹೆದರಿಕೆಯಾಯಿತು. "ತಡಿ, ಮನಸ್ಸಿಗೆ ಬಂದದ್ದು ಬರೀಬ್ಯಾಡ. ಮನಸ್ಸು ಯಾಕ ಹಂಗ ಅನ್ನಾಕತ್ತೈತಿ ಅಂತ ಕೇಳ್ಕೊಂಡು ಆಮ್ಯಾಲೆ ಬರಿ."

ಅವಳು ನನ್ನ ಮುಖ ನೋಡಿ, ಈ ಅಕ್ಕೋರಿಗೆ ವಯಸ್ಸಾಯಿತು ಎಂದುಕೊಂಡಳೋ ಏನೋ, ನನ್ನ ಡಬ್ಬಿಯಿಂದ ಒಂದಿಷ್ಟು ಪಲ್ಯ ಹಾಕಿಸಿಕೊಂಡು ಎದ್ದು ಹೋದಳು. ನನ್ನ ರೊಟ್ಟಿ ಮಾತ್ರ ಅಲ್ಲಿಗೇ ನಿಂತಿತು. ಅಂಥದೇ ಹಾಳೆಯ ಮೇಲೆ ನಾನೂ ಒಂದು ಸಲ ನಾಲ್ಕು ಊರು ಬರೆದಿದ್ದೆ. ಮೊದಲು ಹಾನಗಲ್, ಆಮೇಲೆ ಹಿರೇಕೆರೂರು, ಆಮೇಲೆ ಶಿಗ್ಗಾಂವಿ, ಎಲ್ಲಕ್ಕಿಂತ ಕೊನೆಗೆ ಸವಣೂರು. ಯಾಕೆ ಹಾಗೆ ಬರೆದಿರಿ ಎಂದು ಯಾರಾದರೂ ಕೇಳಿದ್ದರೆ ದವಾಖಾನೆ, ಶಾಲೆ, ಬಸ್ಸು, ನೀರು ಎಂದು ಅರ್ಧ ತಾಸು ಹೇಳುತ್ತಿದ್ದೆ. ನಿಮ್ಮ ಮುಂದೆ ಯಾಕೆ ಸುಳ್ಳು ಹೇಳಲಿ. ಹೊಟ್ಟೆಕಿಚ್ಚಿನಿಂದ ಬರೆದೆ.

ಹೊಟ್ಟೆಕಿಚ್ಚು ನನಗೆ ಹೊಸದಲ್ಲ. ಕೆಲವರಿಗೆ ಹುಟ್ಟಿನಿಂದಲೇ ಮಚ್ಚೆ ಇರುತ್ತದಲ್ಲ, ಹಾಗೆ ನನಗೆ ಇದು. ತಡಸದ ನಮ್ಮ ಮನೆಯಲ್ಲಿ ನಾನು ಎರಡನೆಯವಳು. ಸುಮಿತ್ರಕ್ಕ ನನಗಿಂತ ಎರಡು ವರ್ಷ ದೊಡ್ಡವಳು. ಅವಳಿಗೆ ಗಿಡ್ಡವಾದ ಅಂಗಿ, ಅವಳು ಮೂಲೆ ಮಡಚಿದ ಪುಸ್ತಕ, ಅವಳು ಹಿಮ್ಮಡಿ ಸವೆಸಿದ ಚಪ್ಪಲಿ ನನಗೆ ಬರುತ್ತಿದ್ದವು. ಅದಕ್ಕೆ ಹೊಟ್ಟೆಕಿಚ್ಚು ಪಟ್ಟರೆ ನೀವೂ ನ್ಯಾಯ ಎನ್ನುತ್ತೀರಿ. ಆದರೆ ನಾನು ಅವಳ ಮಂಗನಬಾವಿಗೂ ಹೊಟ್ಟೆಕಿಚ್ಚು ಪಟ್ಟವಳು. ಎರಡೂ ಗದ್ದ ಊದಿ, ಪಡಸಾಲೆಯಲ್ಲಿ ಹೊಸ ಕೌದಿ ಹೊದ್ದು ಅವಳು ರಾಣಿಯ ಹಾಗೆ ಮಲಗಿದ್ದಳು. ಅವ್ವ ತಾಸಿಗೊಮ್ಮೆ ಬಂದು ಹಣೆ ಮುಟ್ಟಿ ನೋಡುವುದೇನು, ಗಂಜಿಗೆ ತುಪ್ಪ ಬಿಡುವುದೇನು, ಪಕ್ಕದ ಮನೆಯವರು ಬಿಸ್ಕೀಟಿನ ಪುಡಿಕೆ ತಂದು ದಿಂಬಿನ ಬದಿಗೆ ಇಡುವುದೇನು! ನಾನು ಅವಳ ಲೋಟದಲ್ಲೇ ನೀರು ಕುಡಿದೆ. ಅವಳ ಕೌದಿಯೊಳಗೆ ನುಸುಳಿ ಕೆನ್ನೆಗೆ ಕೆನ್ನೆ ಹಚ್ಚಿಕೊಂಡು ಮಲಗಿದೆ. ಬಾವು ಬರಲಿಲ್ಲ. ಕೊನೆಗೆ ಎರಡು ಬೆಲ್ಲದ ಹೆಂಟೆಗಳನ್ನು ಆಚೀಚೆ ದವಡೆಯಲ್ಲಿ ಇಟ್ಟುಕೊಂಡು ಅವ್ವನ ಮುಂದೆ ಹೋಗಿ ಮುಲುಗುತ್ತ ನಿಂತೆ. ಅವ್ವ ಬೆನ್ನಿಗೆ ಒಂದು ಕೊಟ್ಟಳು, ಬೆಲ್ಲ ಅಂಗಳಕ್ಕೆ ಬಿತ್ತು. ಹದಿನೈದು ದಿನದ ಮೇಲೆ ನನಗೂ ನಿಜವಾದ ಬಾವು ಬಂತು, ಅದು ಬೇರೆ ಮಾತು. ಅಷ್ಟರಲ್ಲಿ ಶೇಂಗಾ ಕೀಳುವ ದಿನ ಬಂದಿತ್ತು. ಹಣೆ ಮುಟ್ಟಲು ಅವ್ವನಿಗೆ ಪುರಸೊತ್ತು ಇರಲಿಲ್ಲ.

ದೊಡ್ಡವಳಾದ ಮೇಲೆ ಈ ಗುಣ ಹೋಗುತ್ತದೆ ಎಂದುಕೊಂಡಿದ್ದೆ. ನೌಕರಿ ಬಂತು, ಮದುವೆಯಾಯಿತು, ಹೋಗಲಿಲ್ಲ. ನೀಲಾ ಹುಟ್ಟಿದ ಮೇಲಂತೂ ಮಳೆ ಬಿದ್ದ ಹೊಲದ ಹಾಗೆ ಚಿಗುರಿತು.

ನೀಲಾ ನಮ್ಮ ಒಬ್ಬಳೇ ಮಗಳು. ಮೂರು ವರ್ಷ ತುಂಬಿದರೂ ಒಂದು ಮಾತು ಆಡಲಿಲ್ಲ. ಹೆಸರು ಹಿಡಿದು ಕರೆದರೆ ತಿರುಗುತ್ತಿರಲಿಲ್ಲ. ಆದರೆ ಆಚೆ ಓಣಿಯಲ್ಲಿ ಯಾರೋ ಮಿಕ್ಸರ್ ಹಚ್ಚಿದರೆ ಎರಡೂ ಕಿವಿ ಮುಚ್ಚಿಕೊಂಡು ಚೀರುತ್ತಿದ್ದಳು. ಮನೆಯ ಚಪ್ಪಲಿಗಳನ್ನೆಲ್ಲ ಬಾಗಿಲಿನಿಂದ ಬಚ್ಚಲಿನವರೆಗೆ ಸಾಲಾಗಿ ಇಡುತ್ತಿದ್ದಳು. ಬಂದವರು ತಿಳಿಯದೆ ಒಂದು ಚಪ್ಪಲಿ ಮೆಟ್ಟಿಕೊಂಡು ಹೋದರೆ ನಮ್ಮ ಅಂದಿನ ದಿನ ಮುಗಿದಂತೆ. ಹುಬ್ಬಳ್ಳಿಯ ಡಾಕ್ಟರು ನೋಡಿ, ಇದಕ್ಕೆ ಆಟಿಸಂ ಅನ್ನುತ್ತಾರೆ ಎಂದರು. ಅವಳಿಗೆ ದಿನವೂ ಒಂದೇ ಥರದ ದಿನ ಬೇಕು, ಸದ್ದು ಕಡಿಮೆ ಇರುವ ಮನೆ ಬೇಕು, ಅವಳ ರೀತಿ ತಿಳಿದ ಜನ ಬೇಕು, ವಾರಕ್ಕೊಮ್ಮೆ ಇಲ್ಲಿಗೆ ತರಬೇತಿಗೆ ಕರೆತನ್ನಿ ಎಂದರು. "ಅವಸರ ಮಾಡಬ್ಯಾಡ್ರಿ" ಎಂದೂ ಹೇಳಿದರು. ಉಳಿದದ್ದೆಲ್ಲ ಮಾಡಿದೆವು, ಅದೊಂದು ಆಗಲಿಲ್ಲ.

ಆಗ ನನ್ನ ಶಾಲೆ ದುಂಡಸಿಯಲ್ಲಿತ್ತು. ಪ್ರತಿ ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಕೂಡಲೇ ನೀಲಾಳನ್ನು ಎತ್ತಿಕೊಂಡು ತಡಸಕ್ಕೆ, ಅಲ್ಲಿಂದ ಬಸ್ಸು ಬದಲಿಸಿ ಹುಬ್ಬಳ್ಳಿಗೆ. ಹಾರ್ನ್ ಬಾರಿಸಿದಾಗಲೆಲ್ಲ ಅವಳು ನನ್ನ ಸೀರೆಯ ಸೆರಗನ್ನು ಬಾಯಿಗೆ ತುರುಕಿಕೊಂಡು ನಡುಗುತ್ತಿದ್ದಳು. ಮುಂದಿನ ಸೀಟಿನಲ್ಲಿ ಯಾರದೋ ಮಗು, "ಅವ್ವ, ಆ ಗಿಡ ಯಾಕ ಓಡಾಕತ್ತೈತಿ? ಅವ್ವ, ಎಮ್ಮಿಗೆ ಟಿಕೀಟು ಇಲ್ಲೇನ?" ಎಂದು ಒಂದೇ ಸಮ ಬಡಬಡಿಸುತ್ತಿರುತ್ತಿತ್ತು. ಅದರ ತಾಯಿ ಬೇಸತ್ತು "ಬಾಯಿ ಮುಚ್ಚ ಸಾಕ" ಎಂದು ಗದರುತ್ತಿದ್ದಳು. ಆ ತಾಯಿಯನ್ನು ಅಲ್ಲೇ ಬಸ್ಸಿನಿಂದ ಇಳಿಸಿಬಿಡಬೇಕು ಅನ್ನಿಸುತ್ತಿತ್ತು ನನಗೆ.

ಈ ಓಡಾಟ ಸಾಕು, ಯಾವುದಾದರೂ ತಾಲ್ಲೂಕಿನ ಊರಿಗೆ ಹೋಗಿ ನೆಲೆಸೋಣ ಎಂದು ನಿರ್ಧಾರವಾಯಿತು. ನಮ್ಮ ಮನೆಯವರದು ಬೀಜದ ಕಂಪನಿಯಲ್ಲಿ ಕೆಲಸ. ಗೋವಿನಜೋಳದ ಬೀಜದ ಚೀಲ ಹೇರಿಕೊಂಡು ಜೀಪಿನಲ್ಲಿ ನಾಲ್ಕೂ ತಾಲ್ಲೂಕು ತಿರುಗುವವರು. "ನನಗ ಯಾವ ಊರಾದ್ರೂ ಒಂದ. ಕೂಸಿಗೆ ಎಲ್ಲಿ ಚಲೋ ಆಗ್ತೈತಿ ಅದನ್ನ ನೋಡು" ಎಂದು ಭಾರವನ್ನೆಲ್ಲ ನನ್ನ ತಲೆಗೆ ಹಾಕಿ ಹಗುರಾದರು. ವಿಶೇಷ ಮಗುವಿನ ತಾಯಿಗೆ ವರ್ಗಾವಣೆಯಲ್ಲಿ ಮೊದಲ ಸರದಿ ಸಿಗುತ್ತದೆ. ಇದು ಸ್ಟಾಫ್ ರೂಮಿನಲ್ಲಿ ಗೊತ್ತಾದ ದಿನ, ಹತ್ತು ವರ್ಷದಿಂದ ತಮ್ಮ ಊರಿನ ಕಡೆ ಹೋಗಲು ಒದ್ದಾಡುತ್ತಿದ್ದ ಒಬ್ಬ ಮಾಸ್ತರರು ನಿಟ್ಟುಸಿರು ಬಿಟ್ಟು, "ನಿಮಗೇನ್ರಿ ಅಕ್ಕೋರ, ಮಗಳ ಸರ್ಟಿಫಿಕೇಟ್ ಐತಿ. ಕೇಳಿದ ಊರು ಸಿಗ್ತೈತಿ" ಎಂದರು.

ಹುಟ್ಟಿದಾಗಿನಿಂದ ಲೋಕದ ಮೇಲೆಲ್ಲ ಹೊಟ್ಟೆಕಿಚ್ಚು ಪಟ್ಟವಳು ನಾನು. ನನ್ನ ಮೇಲೆ ಒಬ್ಬರು ಹೊಟ್ಟೆಕಿಚ್ಚು ಪಟ್ಟದ್ದು ಅದೇ ಮೊದಲು. ಪಟ್ಟದ್ದು ಯಾವುದಕ್ಕೆ ನೋಡಿ. ನಾನು ಹಾಜರಿ ಪುಸ್ತಕ ತೆಗೆದುಕೊಂಡು ತರಗತಿಗೆ ಹೋಗಿ, ಮಕ್ಕಳಿಗೆ ಶುದ್ಧಬರಹ ಬರೆಯಲು ಹೇಳಿ, ಕಪ್ಪು ಹಲಗೆಯ ಕಡೆ ಮುಖ ಮಾಡಿ ನಿಂತುಬಿಟ್ಟೆ.

ಊರು ನೋಡಲು ಹೊರಟೆವು. ಶಿಗ್ಗಾಂವಿಯಲ್ಲಿ ಸುಮಿತ್ರಕ್ಕನ ಮನೆ ಇದೆ. ಮಹಡಿ ಖಾಲಿ ಇದೆ, ಬಾ ಎಂದು ಅವಳು ಬಾಯಿ ತುಂಬ ಕರೆದಳು. ಅಕ್ಕನ ಮಗಳಿಗೆ ನೀಲಾಳ ವಯಸ್ಸೇ. ನಾವು ಹೋದಾಗ ಹುಡುಗಿ ಮಗ್ಗಿ ಹೇಳುತ್ತಿತ್ತು. ನಮ್ಮನ್ನು ಕಂಡು ಹುರುಪು ಬಂದು ಇನ್ನೂ ಜೋರಾಗಿ ಹೇಳತೊಡಗಿತು. ಸುಮಿತ್ರಕ್ಕ ಕಣ್ಣು ಮಾಡಿ ಅದನ್ನು ಸುಮ್ಮನಿರಿಸಿದಳು. ಕನಿಕರದಿಂದಲೇ ಸುಮ್ಮನಿರಿಸಿದಳು. ಮಗಳ ಜಾಣತನವನ್ನು ನನ್ನ ಕಣ್ಣಿಗೆ ಬೀಳದಂತೆ ಸೆರಗಿನಲ್ಲಿ ಮುಚ್ಚಿಡುವಷ್ಟು ಒಳ್ಳೆಯವಳು ನನ್ನ ಅಕ್ಕ. ಜಂಬ ಕೊಚ್ಚಿದ್ದರೆ ಜಗಳ ಮಾಡಬಹುದಿತ್ತು. ಒಳ್ಳೆಯತನದ ಜೊತೆ ಹೇಗೆ ಜಗಳ ಮಾಡುತ್ತೀರಿ? ಅಷ್ಟರಲ್ಲಿ ದೂರದ ಹೈವೇಯಲ್ಲಿ ಒಂದು ಲಾರಿ ಹಾರ್ನ್ ಹೊಡೆದು ನನ್ನ ಮಾನ ಉಳಿಸಿತು. "ಇಲ್ಲಿ ಸಪ್ಪಳ ಭಾಳ ಐತ್ರಿ" ಎಂದು ಮನೆಯವರಿಗೆ ಹೇಳಿದೆ.

ಹಿರೇಕೆರೂರಿನಲ್ಲಿ ಇಂಥ ಮಕ್ಕಳಿಗೆ ಕಲಿಸಲು ತರಬೇತಿ ಪಡೆದ ಒಬ್ಬ ಟೀಚರ್ ಇದ್ದಾರೆಂದು ಕೇಳಿ ಅಲ್ಲಿಗೂ ಹೋದೆವು. ಬಹಳ ಒಳ್ಳೆಯ ಹೆಣ್ಣುಮಗಳು. ನೀಲಾಳ ಪಕ್ಕ ನೆಲದ ಮೇಲೆ ಕುಳಿತು ಚಪ್ಪಲಿ ಜೋಡಿಸಿದಳು. ನನ್ನ ಅರ್ಧ ಮನಸ್ಸು ಅಲ್ಲೇ ನೆಟ್ಟಿತು. ಹೊರಡುವಾಗ ಅವಳೇ ಮೆಲ್ಲಗೆ, "ನಾನೂ ಈ ಸಲ ವರ್ಗಾವಣೆಗೆ ಹಾಕೀನ್ರಿ ಅಕ್ಕೋರ" ಎಂದಳು. ದಾರಿಯುದ್ದಕ್ಕೂ ನಮ್ಮ ಮನೆಯವರು ನಕ್ಕರು.

ಸವಣೂರಿಗೆ ಹೋದದ್ದು ಶಂಶಾದಳಿಗಾಗಿ. ಅವಳ ಪರಿಚಯ ಹುಬ್ಬಳ್ಳಿಯ ತರಬೇತಿ ಕೇಂದ್ರದ ವರಾಂಡದಲ್ಲಿ ಆಗಿತ್ತು. ಅವಳ ಮಗಳು ಐಶಾಗೂ ನೀಲಾಳ ಹಾಗೆಯೇ. ಮೊದಲ ಸಲ ಕಂಡಾಗ ಎರಡೂ ಮಕ್ಕಳು ಒಂದೇ ಬೆಂಚಿನ ಕೆಳಗೆ ಒಂದಕ್ಕೊಂದು ಬೆನ್ನು ಹಾಕಿ ಕುಳಿತಿದ್ದವು, ನಾವಿಬ್ಬರೂ ಮೇಲೆ. ನನಗೆ ಆ ದಿನ ಎಷ್ಟು ಸಮಾಧಾನವಾಗಿತ್ತು ಎಂದರೆ ಹೇಳಲು ನಾಚಿಕೆಯಾಗುತ್ತದೆ. ಒಂದು ವರ್ಷ ಕಳೆಯಿತು. ಐಶಾ ಬೆಂಚಿನ ಕೆಳಗಿನಿಂದ ಎದ್ದಳು. ಗೋಡೆಯ ಮೇಲಿನ ಬೋರ್ಡು ಓದಿದಳು. "ನೀರು ಬೇಕು" ಎಂದಳು. ಸವಣೂರಿನಲ್ಲಿ ಎಲ್ಲ ಮಕ್ಕಳು ಹೋಗುವ ಶಾಲೆಗೇ ಸೇರಿದಳು. ನೀಲಾ ಬೆಂಚಿನ ಕೆಳಗೇ ಉಳಿದಳು. ಶಂಶಾದ್ ಓದಿದ್ದು ಏಳನೆಯ ಇಯತ್ತೆ. ಮಕ್ಕಳಿಗೆ ಕಲಿಸುವುದು ಹೇಗೆ ಎಂಬುದನ್ನೇ ಎರಡು ವರ್ಷ ಕಲಿತು ಬಂದವಳು ನಾನು. ಬೇರೆಯವರ ಮಕ್ಕಳು ಮಾತಾಡಿದರೆ ಮುಳ್ಳು ಚುಚ್ಚಿದ ಹಾಗೆ ಆಗುತ್ತಿತ್ತು, ಕಿತ್ತು ಒಗೆದರೆ ಮುಗಿಯಿತು. ಐಶಾ ಮಾತಾಡಿದಾಗ ಆ ಮುಳ್ಳು ಒಳಗೇ ಮುರಿದು ಕೂತಿತು. ನಮ್ಮದೇ ಪಾಳಿಯಲ್ಲಿ ನಿಂತವಳು ನಮ್ಮನ್ನು ಬಿಟ್ಟು ಒಳಗೆ ಹೋದಂತೆ.

ಶಂಶಾದಳ ಮನೆಯವರದು ವೀಳ್ಯದೆಲೆಯ ಬಳ್ಳಿಯ ತೋಟ. ಗಂಡ ಎಲೆ ಹೇರಿಕೊಂಡು ಊರೂರ ಸಂತೆಗೆ ಹೋಗುತ್ತಾನೆ, ಮನೆಯಲ್ಲಿ ಎಲೆ ಆರಿಸಿ ಕಟ್ಟು ಕಟ್ಟುವುದು ಇವಳ ಕೆಲಸ. ನಾವು ಹೋದ ಭಾನುವಾರ ಅಂಗಳದಲ್ಲಿ ತೋಯಿಸಿದ ಗೋಣಿತಾಟಿನ ಮೇಲೆ ಹಸಿರು ರಾಶಿ ಬಿದ್ದಿತ್ತು. ನೀಲಾ ನನ್ನ ಕೈ ಕೊಸರಿಕೊಂಡು ಹೋಗಿ ರಾಶಿಯ ಮುಂದೆ ಕುಳಿತಳು. ಒಂದು ಎಲೆ ಎತ್ತಿದಳು, ತೊಟ್ಟು ಎಡಕ್ಕೆ ಮಾಡಿ ಇಟ್ಟಳು. ಅದರ ಮೇಲೆ ಇನ್ನೊಂದು, ತೊಟ್ಟಿನ ಮೇಲೆ ತೊಟ್ಟು, ತುದಿಯ ಮೇಲೆ ತುದಿ. ಎರಡು ತಾಸು ಅವಳು ಚೀರಲಿಲ್ಲ, ಕಿವಿ ಮುಚ್ಚಿಕೊಳ್ಳಲಿಲ್ಲ. ಪಕ್ಕದಲ್ಲಿ ಐಶಾ ಎಲ್ಲಿಯೋ ನೋಡುತ್ತ ಟೀವಿಯ ಜಾಹೀರಾತನ್ನು ಅಕ್ಷರ ತಪ್ಪದೆ ಹೇಳುತ್ತಿದ್ದಳು. ಎಲೆ ಮುಗಿದ ಮೇಲೆ ನೀಲಾ ಹಾಗೇ ಪಕ್ಕಕ್ಕೆ ವಾಲಿ ಶಂಶಾದಳ ತೊಡೆಯ ಮೇಲೆ ತಲೆಯಿಟ್ಟಳು.

ಶಂಶಾದಳ ಕೈ ಒಂದು ಗಳಿಗೆ ಗಾಳಿಯಲ್ಲೇ ನಿಂತಿತು. ಆಮೇಲೆ ಮೆತ್ತಗೆ ಅವಳ ಕೂದಲ ಮೇಲೆ ಇಳಿಯಿತು. ನಾನು ಅಲ್ಲೇ, ಮೂರು ಮೊಳ ದೂರದಲ್ಲಿ, ಚಹಾದ ಕಪ್ಪು ಹಿಡಿದು ಕುಳಿತಿದ್ದೆ. ಅಪ್ಪನನ್ನು ಕಂಡರೆ ಬಂದು ಒರಗುತ್ತಿದ್ದಳು ನೀಲಾ. ನನ್ನ ಹತ್ತಿರ ಬರುತ್ತಿದ್ದದ್ದು ಹೆದರಿದಾಗ ಮಾತ್ರ. ಸೆರಗಿಗಾಗಿ ಬರುತ್ತಿದ್ದಳು, ನನಗಾಗಿ ಅಲ್ಲ.

"ಅಕ್ಕೋರ, ಹಿತ್ತಲದ ಕಡೆ ಎರಡು ಖೋಲಿ ಮನಿ ಖಾಲಿ ಐತ್ರಿ" ಎಂದಳು ಶಂಶಾದ್. "ಇಲ್ಲೇ ಬಂದುಬಿಡ್ರಿ. ನೀವು ಸಾಲಿಗೆ ಹೋದಾಗ ನಾ ನೋಡ್ಕೋತೇನಿ. ಎರಡೂ ಕೂಡಿ ಬೆಳೀತಾವ."

ಬರುವಾಗ ಜೀಪಿನಲ್ಲಿ ನಮ್ಮ ಮನೆಯವರ ಮುಖ ಅರಳಿತ್ತು. "ಇದಕಿಂತ ಚಲೋ ಜಾಗಾ ಎಲ್ಲಿ ಸಿಗ್ತೈತಿ ಹೇಳು?"

"ನೀರು ಸರಿ ಇಲ್ರಿ ಇಲ್ಲಿ."

"ಎರಡು ತಂಬಗಿ ಕುಡದಿಯಲ್ಲ ಮತ್ತ?"

"ಕುಡದ ನೋಡೇ ಹೇಳಾಕತ್ತೇನಿ."

ಹಾಳೆ ತುಂಬುವಾಗ ನಾನು ಸವಣೂರನ್ನು ಕೊನೆಗೆ ಬರೆದೆ, ಪರಿಚಯದವರು ಒಬ್ಬರೂ ಇಲ್ಲದ ಹಾನಗಲ್ಲನ್ನು ಮೊದಲಿಗೆ. ಕೌನ್ಸೆಲಿಂಗಿನ ದಿನ ಹಾವೇರಿಯಲ್ಲಿ ನನ್ನ ಹೆಸರನ್ನು ಬೇಗನೇ ಕರೆದರು. ಸವಣೂರಿನಲ್ಲಿ ಜಾಗ ಇತ್ತು, ಪರದೆಯ ಮೇಲೆ ಎದ್ದು ಕಾಣುತ್ತಿತ್ತು. "ಹಾನಗಲ್" ಎಂದೆ. ಇಷ್ಟು ಗಟ್ಟಿಯಾಗಿ ಯಾಕೆ ಹೇಳುತ್ತಾರೆ ಎಂದು ಗುಮಾಸ್ತರು ತಲೆಯೆತ್ತಿ ನೋಡಿದರು.

ಹಾನಗಲ್ಲಿನಲ್ಲಿ ಏನೂ ಕೊರತೆ ಇರಲಿಲ್ಲ, ಅದನ್ನು ಹೇಳಲೇಬೇಕು. ಸುತ್ತ ಗೋಡೆಯಿದ್ದ ಮನೆ, ಮುಂದೆ ಪೇರಲ ಗಿಡ, ಹುಬ್ಬಳ್ಳಿಗೆ ನೇರ ಬಸ್ಸು. ನೀಲಾಳನ್ನು ಸೇರಿಸಿದ ಶಾಲೆಯ ಹೆಡ್ ಮೇಡಮ್ಮು ಅವಳಿಗಾಗಿ ಗಂಟೆಯನ್ನೇ ಮೆಲ್ಲಗೆ ಬಾರಿಸಲು ಹೇಳುತ್ತಿದ್ದರು. ಬೇಕಾದದ್ದೆಲ್ಲ ಪಟ್ಟಿ ಮಾಡಿ ನೋಡಿದರೆ ಎಲ್ಲದರ ಮುಂದೆಯೂ ಸರಿ ಗುರುತು ಹಾಕಬಹುದಿತ್ತು. ಆದರೆ ನೀಲಾ ದಿನದಿಂದ ದಿನಕ್ಕೆ ಒಳಗೆ ಸರಿದಳು. ಶಾಲೆಯಿಂದ ಬಂದವಳೇ ಮಂಚದ ಕೆಳಗೆ ಹೋಗಿ ಕೂಡುತ್ತಿದ್ದಳು. ಚಪ್ಪಲಿ ಸಾಲು ಮಾಡುವುದನ್ನೂ ಬಿಟ್ಟಳು. ಆ ಚಪ್ಪಲಿಗಳನ್ನು ನಾನೇ ಸಾಲಾಗಿ ಇಟ್ಟು ದಾರಿ ಕಾಯುವಂತಾಯಿತು. ತನ್ನ ಮುಂಗೈಯನ್ನು ತಾನೇ ಕಚ್ಚಿಕೊಳ್ಳತೊಡಗಿದಳು. ನೋಡಿಕೊಳ್ಳಲು ಇಟ್ಟ ಹೆಣ್ಣುಮಗಳು ಪಾಪ, "ಅಕ್ಕೋರ, ನನ್ನ ಕೈಲೆ ನೋಡಾಕ ಆಗೂದಿಲ್ರಿ" ಎಂದು ಎರಡನೆಯ ತಿಂಗಳು ಬಿಟ್ಟಳು. ಶಂಶಾದ್ ವಾರಕ್ಕೊಮ್ಮೆ ಫೋನ್ ಮಾಡುತ್ತಿದ್ದಳು. ಹೆಸರು ನೋಡಿ ಫೋನನ್ನು ಮಗುಚಿ ಇಡುತ್ತಿದ್ದೆ. ತರಬೇತಿಯ ದಿನವನ್ನೂ ಬದಲಿಸಿಕೊಂಡೆ, ವರಾಂಡದಲ್ಲಿ ಅವಳು ಸಿಗಬಾರದು ಎಂದು. ಐಶಾ ಇನ್ನೆಷ್ಟು ಮಾತು ಕಲಿತಿರಬಹುದು ಎಂಬುದು ಕಿವಿಗೆ ಬೀಳುವುದು ನನಗೆ ಬೇಡವಾಗಿತ್ತು.

ಒಂದು ಭಾನುವಾರ ಹೊತ್ತು ನೆತ್ತಿಗೆ ಬಂದಾಗ ಗೇಟು ಸಪ್ಪಳವಾಯಿತು. ಶಂಶಾದ್ ನಿಂತಿದ್ದಳು, ಒಂದು ಕೈಯಲ್ಲಿ ಐಶಾ, ಇನ್ನೊಂದರಲ್ಲಿ ಒದ್ದೆ ಬಟ್ಟೆ ಸುತ್ತಿದ ಎಲೆಯ ಗಂಟು. ಹಾನಗಲ್ಲಿನಲ್ಲಿ ಅವಳ ಸಂಬಂಧಿಕರ ಮನೆಯಲ್ಲಿ ಲಗ್ನವಿತ್ತಂತೆ.

"ಫೋನ್ ಕೆಟ್ಟೈತೇನ್ರಿ ಅಕ್ಕೋರ?" ಎಂದಳು. ವ್ಯಂಗ್ಯವಿರಲಿಲ್ಲ. ನಾನು ಹೌದು ಎಂದೆ. ಅಷ್ಟರಲ್ಲಿ ಮೇಜಿನ ಮೇಲೆ ಫೋನು ರಿಂಗಾಯಿತು.

ಶಂಶಾದ್ ಅದನ್ನು ಕೇಳಿಸಿಕೊಳ್ಳಲಿಲ್ಲ ಎಂಬಂತೆ ಒಳಗೆ ಬಂದು ನೆಲದ ಮೇಲೆ ಕುಳಿತು ಗಂಟು ಬಿಚ್ಚಿದಳು. ಹಸಿ ಎಲೆಯ ಘಾಟು ಕೋಣೆಯಲ್ಲಿ ಹರಡಿತು. ಮಂಚದ ಕೆಳಗಿನಿಂದ ಮೊದಲು ಒಂದು ಕೈ ಬಂತು, ಆಮೇಲೆ ನೀಲಾ ಬಂದಳು. ತೊಟ್ಟು ಎಡಕ್ಕೆ ಮಾಡಿ ಮೊದಲ ಎಲೆ ಇಟ್ಟಳು. ಅವಳ ಮುಂಗೈಯ ಮೇಲಿನ ಹಲ್ಲಿನ ಗುರುತನ್ನು ಶಂಶಾದ್ ನೋಡಿದಳು, ನನ್ನನ್ನು ನೋಡಿದಳು, ಏನೂ ಕೇಳಲಿಲ್ಲ. ಅವಳು ಕೇಳದಿದ್ದದ್ದಕ್ಕೇ ನನಗೆ ಅಳು ಬಂತು.

"ನೀವು ಪುಣ್ಯಾ ಮಾಡೀರಿ" ಎಂದೆ, ಮೂಗು ಒರೆಸಿಕೊಳ್ಳುತ್ತ. "ನಿಮ್ಮ ಐಶಾ ಮಾತಾಡ್ತಾಳ. ನನಗ ಹೊಟ್ಟಿ ಉರೀತೈತ್ರಿ. ಖರೇ ಹೇಳಾಕತ್ತೇನಿ, ಅದಕ್ಕ ಸವಣೂರಿಗೆ ಬರಲಿಲ್ಲ ನಾನು."

ಶಂಶಾದ್ ಎಲೆ ಆರಿಸುತ್ತಲೇ ಹೇಳಿದಳು.

"ಐಶಾ ಮಾತಾಡ್ತಾಳ, ಹೌದ್ರಿ. ಸಾಬಣದ ಬಗ್ಗೆ ಮಾತಾಡ್ತಾಳ, ಟೂತ್‌ಪೇಸ್ಟ್ ಬಗ್ಗೆ ಮಾತಾಡ್ತಾಳ. ನೀರು ಬೇಕು, ರೊಟ್ಟಿ ಬೇಕು ಅಂತಾಳ. ನನ್ನ ಮಾರಿ ನೋಡಿ ಒಂದ ಸಲ ಅಮ್ಮಿ ಅಂದಿಲ್ಲ. ಮುಟ್ಟಾಕ ಹೋದ್ರ ಸುಟ್ಟಂಗ ಕೈ ಎಳಕೋತಾಳ. ಆವತ್ತ ನಿಮ್ಮ ನೀಲಾ ನನ್ನ ತೊಡಿ ಮ್ಯಾಲೆ ತಲಿ ಇಟ್ಲಲ್ರಿ?" ಅವಳು ಎಲೆ ಕೆಳಗಿಟ್ಟಳು. "ಒಂದು ಕೂಸಿನ ತಲಿ ಇಷ್ಟು ವಜ್ಜಿ, ಇಷ್ಟು ಭಾರ ಇರ್ತೈತಿ ಅಂತ ನನಗ ಆವತ್ತ ಗೊತ್ತಾತು. ನೀವು ಹೋದ ಮ್ಯಾಲೆ ಅಡಗಿ ಮನ್ಯಾಗ ಕುಂತು ಅತ್ತೇನ್ರಿ. ನಿಮ್ಮ ಮ್ಯಾಲೆ ನನಗ ಎಷ್ಟ ಹೊಟ್ಟಿಕಿಚ್ಚ ಆಗಿತ್ತು, ನಿಮಗೇನ ಗೊತ್ತು."

ಅದೇ ಅಂಗಳ, ಅದೇ ಗಳಿಗೆ. ಮೂರು ಮೊಳ ದೂರದಲ್ಲಿ ಕುಳಿತು ನಾವಿಬ್ಬರೂ ಒಬ್ಬರ ಮೇಲೊಬ್ಬರು ಉರಿದುಕೊಂಡಿದ್ದೆವು, ಕೈಯಲ್ಲಿ ಚಹಾ ಹಿಡಿದು. ಯಾರು ಮೊದಲು ನಕ್ಕರೋ ನೆನಪಿಲ್ಲ. ಅಳುತ್ತಲೇ ನಕ್ಕೆವು. ಐಶಾ ಗೋಡೆಯ ಕ್ಯಾಲೆಂಡರಿನ ವಾರಗಳನ್ನು ಗಟ್ಟಿಯಾಗಿ ಓದತೊಡಗಿದಳು.

ಆ ಸಂಜೆ ಮನೆಯವರಿಗೆ ಹೇಳಿದೆ. "ಸವಣೂರು ಬ್ಯಾಡ ಅಂದದ್ದು ನೀರಿಗಲ್ರಿ."

"ಗೊತ್ತಿತ್ತು" ಎಂದರು ಅವರು, ಜೀಪಿನ ಚಕ್ರಕ್ಕೆ ಗಾಳಿ ತುಂಬುತ್ತ.

ನನಗೆ ಮೈ ಉರಿಯಿತು. "ಗೊತ್ತಿದ್ದರ ಯಾಕ ಸುಮ್ಮನ ಇದ್ರಿ?"

"ಆವತ್ತ ಹೇಳಿದ್ರ ಕೇಳ್ತಿದ್ದೇನು?"

ಕೇಳುತ್ತಿರಲಿಲ್ಲ. ಆದರೂ ಅವರ ಜೊತೆ ಎರಡು ದಿನ ಮಾತು ಬಿಟ್ಟೆ. ಒಬ್ಬಳೇ ತಪ್ಪು ಮಾಡಿದ್ದೇನೆ ಎಂಬುದು ಒಪ್ಪಿಕೊಳ್ಳಲು ಕಷ್ಟದ ಮಾತು.

ಮುಂದಿನ ತಿಂಗಳು ಸವಣೂರಿನ ಎರಡು ಖೋಲಿಯ ಮನೆಗೆ ಬಂದೆವು. ಮನೆ ಬದಲಿಸಬಹುದು, ನೌಕರಿ ಬದಲಿಸಲಾಗದು. ಒಮ್ಮೆ ವರ್ಗಾವಣೆ ತೆಗೆದುಕೊಂಡವರು ಮತ್ತೆ ಕೆಲವು ವರ್ಷ ಅರ್ಜಿ ಹಾಕುವ ಹಾಗಿಲ್ಲ. ಹಾಗಾಗಿ ದಿನವೂ ಬೆಳಗ್ಗೆ ಸವಣೂರಿನಿಂದ ಬಂಕಾಪುರಕ್ಕೆ, ಅಲ್ಲಿಂದ ಬಸ್ಸು ಬದಲಿಸಿ ಹಾನಗಲ್ಲಿಗೆ ನಾನು ಹೋಗುತ್ತೇನೆ, ಸಂಜೆ ಹಾಗೇ ಬರುತ್ತೇನೆ. ಕಂಡಕ್ಟರೊಬ್ಬರು ಒಮ್ಮೆ, "ಅಕ್ಕೋರ, ಸವಣೂರಿಗೇ ಹಾಕಿಸ್ಕೋಬೇಕಿಲ್ರಿ?" ಎಂದು ಕೇಳಿದರು. "ಜಾಗಾ ಇರಲಿಲ್ರಿ" ಎಂದೆ.

ಮನೆ ಬದಲಿಸಿದ ಮೇಲೆ ನನ್ನ ಗುಣ ಬದಲಾಯಿತು ಎಂದುಕೊಳ್ಳಬೇಡಿ. ಸಂಜೆ ಬಸ್ಸಿಳಿದು ಓಣಿ ಹೊಕ್ಕರೆ ನೀಲಾ ಶಂಶಾದಳ ಅಂಗಳದಲ್ಲಿ ಇರುತ್ತಾಳೆ. ಇಡೀ ಮಧ್ಯಾಹ್ನ ಶಂಶಾದಳದು, ನನಗೆ ಉಳಿದದ್ದು ಇಷ್ಟೇ ಇಷ್ಟು ಸಂಜೆ. ನೀಲಾಳ ಮುಂಗೈ ವಾಸಿಯಾಯಿತು, ಅದನ್ನು ವಾಸಿ ಮಾಡಿದ್ದು ನಾನಲ್ಲ. ತಾನೇ ಉಣ್ಣಲು ಕಲಿತಳು, ಕಲಿಸಿದ್ದು ನಾನಲ್ಲ. ಪ್ರತಿಯೊಂದಕ್ಕೂ ದೇವರಿಗೆ ಕೈ 	ಮುಗಿದೆ, ಪ್ರತಿಯೊಂದಕ್ಕೂ ಹೊಟ್ಟೆ ಉರಿದುಕೊಂಡೆ. ಐಶಾಗೆ ನಾನು ಓದಲು ಬರೆಯಲು ಹೇಳಿಕೊಡುತ್ತೇನೆ. ತಾಯಿಗೆ ಮುಟ್ಟಗೊಡದ ಅವಳು ನನ್ನ ಕೈಗಡಿಯಾರ ಹಿಡಿದುಕೊಂಡು ಕೂತಾಗ ಶಂಶಾದಳ ಕಣ್ಣಿನಲ್ಲೂ ಆ ಕಿಡಿ ಕಂಡಿದ್ದೇನೆ. ಕಂಡು, ಸ್ವಲ್ಪ ಸಂತೋಷವನ್ನೂ ಪಟ್ಟಿದ್ದೇನೆ.

ಹೋದ ವರ್ಷ ಶ್ರಾವಣದ ಒಂದು ಗುರುವಾರ ಸಂಜೆ ನಾನು ಬಂದಾಗ ಶಂಶಾದ್ ಬಾಗಿಲಿನಲ್ಲೇ ಕಾಯುತ್ತಿದ್ದಳು. ಕೈಕಾಲು ತೊಳೆಯಲೂ ಬಿಡದೆ ಗೋಣಿತಾಟಿನ ಮೇಲೆ ಕೂಡಿಸಿದಳು.

"ಇವತ್ತ ಎಲಿ ನೀವ ಕೊಡ್ರಿ ಆಕಿಗೆ. ಒಂದೊಂದ ಕೊಡ್ರಿ. ಕೊಟ್ಟು ತಡೀರಿ."

ಒಂದು ಎಲೆ ಕೊಟ್ಟೆ. ನೀಲಾ ತೊಟ್ಟು ನೋಡಿ ಇಟ್ಟಳು. ಇನ್ನೊಂದು ಕೊಟ್ಟೆ. ಇಟ್ಟಳು. ಮೂರನೆಯದನ್ನು ಕೈಯಲ್ಲೇ ಹಿಡಿದುಕೊಂಡೆ. ನೀಲಾ ಕೈ ಚಾಚಿದಳು. ನಾನು ಕೊಡಲು ಹೋದರೆ ಶಂಶಾದ್ ನನ್ನ ಮೊಣಕೈ ಹಿಡಿದಳು. ನೀಲಾಳ ತುಟಿ ಅಲುಗಿತು.

"ಇನ್ನೊಂದ."

ಒಡಕು ದನಿ, ಬಹಳ ದಿನ ಮುಚ್ಚಿಟ್ಟ ಬಾಗಿಲು ಕಿರ್ ಎಂದ ಹಾಗೆ. ಏಳು ವರ್ಷ ನಾನು ಕಾದ ದನಿ ಅದು. "ಯಾ ಅಲ್ಲಾ! ಮಾತಾಡಿದ್ಲರಿ ಅಕ್ಕೋರ! ನಿಮ್ಮ ಮುಂದನ ಮಾತಾಡಿದ್ಲು!" ಎಂದು ಶಂಶಾದ್ ಎದೆಯ ಮೇಲೆ ಕೈಯಿಟ್ಟುಕೊಂಡು ಕೂಗಿದಳು. ಕಣ್ಣಿನಲ್ಲಿ ನೀರು ಹರಿಯುತ್ತಿತ್ತು. ನಾನು ಎಲೆ ಕೊಟ್ಟೆ, ಕೊಟ್ಟೆ, ಕೊಟ್ಟೆ. ಇಡೀ ರಾಶಿ ಮುಗಿಯುವವರೆಗೆ "ಇನ್ನೊಂದ" ಎನ್ನಿಸಿಕೊಂಡೆ. ನನ್ನ ಜೀವಮಾನದಲ್ಲಿ ಅಂದು ಒಂದು ಸಂಜೆ ನಾನು ಯಾರ ಮೇಲೂ ಹೊಟ್ಟೆಕಿಚ್ಚು ಪಡಲಿಲ್ಲ. ಮಗಳ ಮೊದಲ ಮಾತು ಕೇಳಿದವಳು ನಾನು. ಓಣಿಯಲ್ಲಿ ಎಲ್ಲರಿಗೂ ಸವಣೂರ ಖಾರಾದ ಪುಡಿಕೆ ಹಂಚಿದೆ, ಸುಮಿತ್ರಕ್ಕನಿಗೆ ಫೋನ್ ಮಾಡಿ ಹೇಳಿದೆ, ಹಾನಗಲ್ಲಿನ ಸ್ಟಾಫ್ ರೂಮಿನಲ್ಲಿ ಒಂದು ವಾರ ಬೇರೆ ಮಾತೇ ಆಡಲಿಲ್ಲ.

ಈಗ ಎರಡು ತಿಂಗಳ ಹಿಂದೆ, ಏನೋ ಮಾತಿಗೆ ಮಾತು ಬಂದು, ಮನೆಯವರಿಗೆ ಆ ದಿನದ ಸುದ್ದಿ ಮತ್ತೆ ಹೇಳುತ್ತಿದ್ದೆ. ಅವರು ಜೀಪಿನ ಕಾಗದ ಹುಡುಕುತ್ತ, ಮೈಮೇಲೆ ಧ್ಯಾನವಿಲ್ಲದೆ ಅಂದುಬಿಟ್ಟರು. "ಗುರುವಾರ ಅಲ್ಲ, ಸೋಮವಾರ. ಸೋಮವಾರ ಮಧ್ಯಾಹ್ನ ನಾ ಇದ್ದೆನಲ್ಲ."

ಅಂದ ಮೇಲೆ ಅವರ ಕೈ ಕಾಗದದ ಮೇಲೇ ನಿಂತಿತು.

ನಾನು ಬಿಡಲಿಲ್ಲ. ಎಲ್ಲ ಹೇಳಿಸಿದೆ. ನೀಲಾ ಮೊದಲು ಮಾತಾಡಿದ್ದು ಸೋಮವಾರ, ಶಂಶಾದಳ ಮುಂದೆ. ಶಂಶಾದ್ ಆ ಗಳಿಗೆಯಲ್ಲೇ ಬಾಗಿಲು ಹಾಕಿ, ನಮ್ಮ ಮನೆಯವರ ಕಡೆ ತಿರುಗಿ, "ಭಾಯಿ, ಅಕ್ಕೋರಿಗೆ ಹೇಳಬ್ಯಾಡ್ರಿ. ಅವರ ಮುಂದ ಮೊದಲ ಅನ್ಲಿ" ಎಂದಳಂತೆ. ಅಂದು ಸಂಜೆಯೂ, ಮಂಗಳವಾರವೂ, ಬುಧವಾರವೂ ನನ್ನ ಬಸ್ಸು ತಡವಾಗಿ ಬಂತು, ನೀಲಾ ಮಲಗಿಬಿಟ್ಟಿದ್ದಳು. ಗುರುವಾರ ಬೇಗ ಬಂದೆ. ಮೂರು ದಿನ ಶಂಶಾದ್ ಆ ಮಾತನ್ನು ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದಳು. ನನ್ನ ಕೈಲಿ ಒಂದು ತಾಸು ಆಗುತ್ತಿರಲಿಲ್ಲ. ಐಶಾ ನನ್ನ ಮುಂದೆ ಏನಾದರೂ ಹೊಸತು ಕಲಿತರೆ ಅಂಗಳದಿಂದಲೇ ಕೂಗಿ, "ನನಗ ಹೇಳಿದ್ಲು ನೋಡ್ರಿ" ಎನ್ನುವವಳು ನಾನು.

ಗೊತ್ತಾಯಿತು ಎಂದು ಶಂಶಾದಳಿಗೆ ನಾನು ಹೇಳಿಲ್ಲ. ಇವತ್ತಿಗೂ ಎಲೆ ಒಯ್ಯಲು ಯಾರಾದರೂ ಬಂದರೆ ಅವಳು ನೀಲಾಳ ಕಡೆ ಕೈ ತೋರಿಸಿ, "ಈಕಿ ಮೊದಲ ಮಾತು ಅವರ ಅವ್ವನ ಮುಂದ ಆಡಿದ್ಲರಿ. ನಾ ಇಲ್ಲೇ ಕುಂತಿದ್ದೆ, ಕಣ್ಣಾರೆ ನೋಡೀನಿ" ಎಂದು ಹೇಳುತ್ತಾಳೆ. ಬಂದವರು ನನ್ನ ಕಡೆ ತಿರುಗುತ್ತಾರೆ.

"ಹೌದ್ರಿ" ಎನ್ನುತ್ತೇನೆ ನಾನು.